ಸ್ಲೈಡ್ ಮೇಡಂಗೆ ಹೊಟ್ಟೆಕಿಚ್ಚು

ಎಂಡೋಸ್ಕೋಪಿ ಕೋಣೆಯ ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಕೋಣೆಯ ದೀಪ ಆರಿಸಿದ್ದರು. ಪರದೆಯ ಬೆಳಕಿನಲ್ಲಿ ಎರಡು ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ಒಂದು ಕರುಳಿನ ಡಾಕ್ಟರದು. ಇನ್ನೊಂದು, ಹೊಸ ಯಂತ್ರ ಕಲಿಸಲು ಬಂದಿದ್ದ ತರಬೇತುದಾರಳದು. ಆಕೆ ಏನೋ ಅಂದಳು, ಅವನು ನಕ್ಕ.

ಆ ನಗು ತನಗೊಬ್ಬಳಿಗೇ ಮೀಸಲು ಅಂದುಕೊಂಡಿದ್ದಳಲ್ಲ...!

ಅವಳು ಕೆಳಗಿನ ಮಹಡಿಯ ಪೆಥಾಲಜಿ ಡಾಕ್ಟರ್. ಬಯಾಪ್ಸಿ ಚೂರನ್ನು ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ರೋಗ ಹುಡುಕುವವಳು. ಇಡೀ ಆಸ್ಪತ್ರೆಗೆ 'ಸ್ಲೈಡ್ ಮೇಡಂ'. ಅಟೆಂಡರ್ ಇದ್ದರೂ ಕರುಳಿನ ಡಾಕ್ಟರ್ ಚೂರುಗಳ ಡಬ್ಬಿಯನ್ನು ತಾನೇ ಹಿಡಿದು ಇಳಿದು ಬರುತ್ತಿದ್ದ. ರೋಗದಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಮನಸ್ಸಿನ ಮಾತೊಂದನ್ನು ಬಿಟ್ಟು.

ಹೊಸ ಯಂತ್ರ ಲೇಸರ್ ಬೆಳಕಿನಲ್ಲಿ ಕರುಳಿನ ಒಳಪದರದ ಒಂದೊಂದು ಜೀವಕೋಶವನ್ನೂ ಅಲ್ಲೇ, ಜೀವಂತವಾಗಿ ತೋರಿಸುತ್ತಿತ್ತು. ಚೂರುಗಳು ಕಡಿಮೆಯಾದವು. ಅವನು ಬರುವುದೂ ಕಡಿಮೆಯಾಯಿತು. ಒಮ್ಮೆ ಮೇಲೆ ಬಂದು ನೋಡಿ ಎಂದು ಫೋನಿನಲ್ಲಿ ಕರೆಯುತ್ತಿದ್ದ. ಅವಳು ಕೆಲಸದ ನೆಪ ಹೇಳುತ್ತಿದ್ದಳು. ಇಂದು ಮನಸ್ಸು ತಡೆಯದೆ ಬಂದು, ನೋಡಬಾರದ್ದನ್ನು ನೋಡಿ, ಸದ್ದಿಲ್ಲದೆ ಇಳಿದುಹೋದಳು.

ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿಕೊಂಡಳು. ಅಕ್ಕ ನಕ್ಕೇಬಿಟ್ಟಳು.

"ದಿನವಿಡೀ ಊರವರ ಹೊಟ್ಟೆಯ ಉರಿ ನೋಡ್ತೀಯ. ನಿನ್ನ ಹೊಟ್ಟೆಕಿಚ್ಚು ನಿನಗೆ ಕಾಣಲ್ವೇನೇ?"

ಉರಿಯುವ ಕಿಚ್ಚಿಗೆ ತುಪ್ಪ ಸುರಿದಂತೆ ಬಂದದ್ದು ಒಬ್ಬ ಶಾಲಾ ಶಿಕ್ಷಕಿಯ ಕೇಸು. ವರ್ಷಗಟ್ಟಲೆ ಕರುಳಿನ ಉರಿಯೂತದಿಂದ ನರಳಿದ್ದ ಆ ಶಿಕ್ಷಕಿ ಈಗ ಚೇತರಿಸಿಕೊಂಡು, ಔಷಧಿ ನಿಲ್ಲಿಸಿ ಎಂದು ಬೇಡುತ್ತಿದ್ದಳು. ಸ್ಲೈಡ್ ನೋಡಿ ಇವಳು ಉರಿಯೂತವಿಲ್ಲವೆಂದು ವರದಿ ಕೊಟ್ಟಳು. ಆದರೂ ಅವನು ಔಷಧಿ ನಿಲ್ಲಿಸಲಿಲ್ಲ. ಯಂತ್ರ ಬೇರೆಯೇ ಹೇಳುತ್ತಿದೆಯಂತೆ.

ಹೇಳಿದ್ದು ಯಂತ್ರವೋ, ಪಕ್ಕದಲ್ಲಿ ಕೂತವಳೋ...?

ಮರುದಿನ ತರಬೇತುದಾರಳೇ ಲ್ಯಾಬಿಗೆ ಬಂದು ಕುರ್ಚಿ ಎಳೆದು ಕೂತಳು. ಸ್ಲೈಡ್ ಮೇಡಂ ತಲೆಯೆತ್ತಲಿಲ್ಲ.

"ನಿಮ್ಮ ಡಾಕ್ಟರ್‌ಗೆ ಕಲಿಸಿ ಸಾಕಾಯ್ತು ನನಗೆ. ಪ್ರತಿ ಚಿತ್ರಕ್ಕೂ 'ಕೆಳಗಿನವರು ನೋಡಿದ್ರೆ ಏನಂತಿದ್ರು' ಅಂತಾರೆ. ಹೋಗಿ ಕರ್ಕೊಂಡೇ ಬನ್ನಿ ಅಂತ ಮೊನ್ನೆ ರೇಗಿಸಿದ್ರೆ, ನಾಚಿ ನಗ್ತಾರೆ. ದಯವಿಟ್ಟು ಒಮ್ಮೆ ಬನ್ನಿ."

ಅವಳು ಕೈಯಲ್ಲಿದ್ದ ಸ್ಲೈಡ್ ಕೆಳಗಿಟ್ಟು ಮೆಟ್ಟಿಲು ಹತ್ತಿದಳು.

ಮೇಲೆ ಅವನೊಬ್ಬನೇ ಇದ್ದ. ಯಂತ್ರ ಸೆರೆಹಿಡಿದಿದ್ದ ಶಿಕ್ಷಕಿಯ ಕರುಳಿನ ಚಿತ್ರಣವನ್ನು ಪರದೆಗೆ ಹಾಕಿದ. ಉಸಿರಿನೊಂದಿಗೆ ಕೋಶಗಳು ಮೆಲ್ಲಗೆ ತೂಗುತ್ತಿದ್ದವು. ರಕ್ತನಾಳಕ್ಕೆ ಕೊಟ್ಟಿದ್ದ ಹೊಳೆಯುವ ಬಣ್ಣ, ಕೋಶಗಳ ಸಂದಿನಿಂದ ಕರುಳಿನೊಳಕ್ಕೆ ಬೆಳ್ಳಗೆ ಜಿನುಗುತ್ತಿತ್ತು. ಹೊರಗೆ ವಾಸಿಯಾದಂತೆ ಕಂಡ ಪದರ ಇನ್ನೂ ಸೋರುತ್ತಿತ್ತು. ಔಷಧಿ ನಿಲ್ಲಿಸಿದ್ದರೆ ರೋಗ ಮರುಕಳಿಸಬಹುದಿತ್ತು.

"ನನ್ನ ಸ್ಲೈಡ್ ಸುಳ್ಳು ಹೇಳಿಲ್ಲ," ಎಂದಳು ಮೆಲ್ಲಗೆ. "ಆದ್ರೆ ಸತ್ತ ಕೋಶ ಸೋರೋದನ್ನ ಹೇಗೆ ತೋರಿಸುತ್ತೆ? ಔಷಧಿ ಮುಂದುವರಿಸಿ. ಅವರಿಗೆ ಇಬ್ಬರೂ ಸೇರಿ ಹೇಳೋಣ."

"ನೀವು ಬರೋದೇ ಇಲ್ಲ ಅಂದ್ಕೊಂಡಿದ್ದೆ. ಯಂತ್ರದ ಮೇಲೆ ಅಷ್ಟು ಕೋಪಾನಾ?"

"ಯಂತ್ರದ ಮೇಲಲ್ಲ..." ಅವಳ ಕಣ್ಣು ತುಂಬಿತು. "ನಿಮ್ಮ ಪಕ್ಕ ಕೂತಿದ್ದವರ ಮೇಲೆ."

ಅವನು ಪಕ್ಕದ ಖಾಲಿ ಕುರ್ಚಿಯನ್ನು ಅವಳತ್ತ ಸರಿಸಿದ.

"ಅಮ್ಮ ಭಾನುವಾರ ಬರ್ತಿದ್ದಾರೆ. ಒಬ್ಬರನ್ನ ಪರಿಚಯ ಮಾಡಿಸ್ತೀನಿ ಅಂದಿದ್ದೀನಿ. ಆದ್ರೆ ಅವರನ್ನೇ ಇನ್ನೂ ಕೇಳಿಲ್ಲ."

"ಅವರು ಬರಲ್ಲ ಅಂದ್ರೆ?"

"ಅಮ್ಮನ ಮುಂದೆ ನನ್ನ ಮಾನ ಹೋಗುತ್ತೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಹಾಗಾದ್ರೆ ಬೇಗ ಕೇಳಿ."

"ಬರ್ತೀರಾ?"

"ಬರ್ತೀನಿ."