ಗೇಟಿಗೆ ತೂಗಿದ ಹಿಡಿ

ಲೈನ್‌ಮ್ಯಾನ್ ಕಂಬದ ಮೇಲೆಯೇ ಸತ್ತ. ತಪ್ಪು ಅವನದೇ ಎಂದು ವಿದ್ಯುತ್ ಕಚೇರಿ, ಹೆಣ ಕೆಳಗಿಳಿಯುವ ಮೊದಲೇ ಬರೆದುಕೊಂಡಿತು.

ಇನ್ಸ್‌ಪೆಕ್ಟರ್ ಬಂದಾಗ ಏಣಿ ಇನ್ನೂ ಕಂಬಕ್ಕೆ ಒರಗಿತ್ತು. ಆಕೆ ಮೊದಲು ಮೇಲೆ ನೋಡಿದಳು. ಆಮೇಲೆ ಬೀದಿಯುದ್ದಕ್ಕೂ ನೋಡಿದಳು. ಒಂದೊಂದು ಗೇಟಿನಲ್ಲೂ ಒಂದೊಂದು ಕೆಂಪು ಹಿಡಿ ತೂಗುತ್ತಿತ್ತು.

"ಇದೇನಿದು?"

"ಅವರದೇ ಏರ್ಪಾಡು," ಎಂದಳು ಸತ್ತವನ ಹೆಂಡತಿ. "ದರ್ಜಿ ಅಂಗಡಿ ಬಿಟ್ರೆ ಎಲ್ಲಾರ ಮನೆ ಮೇಲೂ ಸೋಲಾರು, ಒಳಗೆ ಬ್ಯಾಟರಿ. ಬೀದಿ ಲೈನು ಆಫ್ ಮಾಡಿದ್ರೂ ಯಾವ್ದೋ ಒಂದು ಮನೆಯಿಂದ ಕರೆಂಟು ವಾಪಸ್ ಬಂದ್ರೆ ಮುಗೀತು. ಹಾಗೆ ಬಂದ ಕರೆಂಟನ್ನ ನೆಲಕ್ಕಿಳಿಸೋ ಅರ್ಥಿಂಗ್ ಚೈನ್ ಕೊಡಿ ಅಂತ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ರು. ಕೊಡ್ಲಿಲ್ಲ. ಅದಕ್ಕೇ, ಲೈನ್ ಕೆಲಸ ಇದ್ದ ದಿನ ಪ್ರತಿ ಮನೆಯವ್ರೂ ಮೇನ್ ಸ್ವಿಚ್ ಆಫ್ ಮಾಡಿ, ಅದರ ಹಿಡಿ ಕಿತ್ತು ಗೇಟಿಗೆ ಹಾಕ್ಬೇಕು. ಎಲ್ಲಾ ನೋಡದೆ ಏಣಿ ಮುಟ್ತಿರ್ಲಿಲ್ಲ."

ಪಕ್ಕದಲ್ಲಿ ಅವಳ ತಮ್ಮ. ಆ ಬೀದಿಗೆಲ್ಲ ಸೋಲಾರ್ ಕೂರಿಸಿದವನು ಅವನೇ. ಕಸುಬು ಕಲಿಸಿದ್ದು ಭಾವ. ಅಕ್ಕನ ಹೆಗಲು ಹಿಡಿದಿದ್ದ.

"ಭಾವ ಇವತ್ತು ಸ್ವಲ್ಪ ಆತುರಪಟ್ರೇನೋ," ಎಂದ.

ಅಕ್ಕ ಅವನ ಮುಖವನ್ನೇ ನೋಡಿದಳು.

*

ಎಲ್ಲರ ಬೆರಳೂ ದರ್ಜಿಯ ಕಡೆ. ಕರೆಂಟು ತೆಗೆದಾಗ ಅವನು ಬೀದಿಗೆ ಬಂದು, "ಕಂಬದ ಮೇಲೇ ಸಂಸಾರ ಹೂಡಯ್ಯಾ!" ಎಂದು ಕೂಗಾಡಿದ್ದ. ಇಡೀ ಬೀದಿಯಲ್ಲಿ ಸೋಲಾರ್ ಇಲ್ಲದವನು ಅವನೊಬ್ಬ. ಕದ್ದುಮುಚ್ಚಿ ಇಟ್ಟ ಜನರೇಟರಿನಿಂದ ಲೈನಿಗೆ ಕರೆಂಟು ಹರಿದಿರಬಹುದೇ?

ಅಂಗಡಿಯಲ್ಲಿ ಮೆಷಿನ್, ಕತ್ತರಿ, ಅರ್ಧ ಹೊಲಿದ ಕಾಲರ್. ದರ್ಜಿಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

"ಜನರೇಟರ್ ಎಲ್ಲಿ?"

"ಹುಡುಕಿ ತಾಯಿ. ಸಿಕ್ರೆ ನನಗೂ ಹೇಳಿ, ಇಟ್ಕೋತೀನಿ."

"ಬೆರಳಿಗೇನಾಯ್ತು?"

"ಕರೆಂಟು ಇರ್ಲಿಲ್ವಲ್ಲ, ಕಾಲು ಪೆಡಲ್ ಮೇಲೇ ಬಿಟ್ಟು ಸೂಜಿಗೆ ದಾರ ಪೋಣಿಸ್ತಿದ್ದೆ. ಮೋಟಾರು ದಡಕ್ಕನೆ ಓಡ್ತು. ಸೂಜಿ ಉಗುರೊಳಗೆ. ಒಂದೇ ಉಸಿರು, ನಿಂತೋಯ್ತು. ನಾನು 'ಅಯ್ಯೋ' ಅಂದೆ." ದರ್ಜಿ ಕಂಬದ ಕಡೆ ನೋಡಿದ. "ಹೊರಗಡೆನೂ ಯಾರೋ 'ಅಯ್ಯೋ' ಅಂದ್ರು."

ಇನ್ಸ್‌ಪೆಕ್ಟರ್ ಹೊರಬಂದಳು. ಅಂಗಡಿಯ ಮಾಡಿನಿಂದ ಹೊರಟ ತಂತಿಯ ಹಿಂದೆಯೇ ಕಣ್ಣು ಓಡಿಸಿದಳು. ಕೊನೆಯ ಕಂಬ; ಏಣಿ ಒರಗಿದ್ದದ್ದೂ ಅದಕ್ಕೇ. ಅಲ್ಲಿ ಅದೇ ತಂತಿಗೆ ಕೂಡಿದ್ದ ಮನೆ ಇನ್ನೊಂದೇ. ವಿದ್ಯುತ್ ಕಚೇರಿಯ ಎಂಜಿನಿಯರ್ ಮನೆ.

ಆ ಗೇಟಿನಲ್ಲೂ ಕೆಂಪು ಹಿಡಿ ಇತ್ತು.

*

ಎಂಜಿನಿಯರ್ ಮನೆಯ ಹಿಂಬದಿ. ಅಕ್ಕ, ತಮ್ಮ ಇಬ್ಬರೂ ಹಿಂದೆಯೇ ಬಂದಿದ್ದರು. ಗೋಡೆಯಲ್ಲಿ ಬ್ಯಾಟರಿ, ಪಕ್ಕದಲ್ಲಿ ಸ್ವಿಚ್ಚಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆಲ್ಲ ಧೂಳು; ತಿರುಪುಗಳ ತಲೆ ಮಾತ್ರ ಫಳಫಳ. ಇನ್ಸ್‌ಪೆಕ್ಟರ್ ಅದನ್ನು ಬಿಚ್ಚಿಸಿದಳು. ಸ್ವಿಚ್ಚಿನ ಈ ತುದಿಗೂ ಆ ತುದಿಗೂ ಸುಟ್ಟ ಕಲೆ, ಕಚ್ಚಿಕೊಂಡ ತಾಮ್ರದ ಚೂರು.

"ಇಲ್ಲೊಂದು ದಪ್ಪ ತಂತಿ ಇತ್ತು. ಈಗಿಲ್ಲ. ಸ್ವಿಚ್ಚನ್ನ ದಾಟಿಸಿ ಬ್ಯಾಟರಿಯನ್ನ ನೇರ ಬೀದಿ ಲೈನಿಗೆ ಸೇರಿಸಿದ ತಂತಿ. ಹಿಡಿ ಕಿತ್ತು ಗೇಟಿಗಲ್ಲ, ಕೊರಳಿಗೆ ಹಾಕ್ಕೊಂಡ್ರೂ ಇಲ್ಲಿ ಏನೂ ಆಫ್ ಆಗ್ತಿರ್ಲಿಲ್ಲ."

"ನನಗೆ ಅದೆಲ್ಲ ಗೊತ್ತಾಗಲ್ಲ ಮೇಡಂ," ಎಂದ ಎಂಜಿನಿಯರ್.

"ನೀವು ಎಂಜಿನಿಯರ್ ಅಲ್ವಾ?"

"ನಾನು ಆಡಳಿತ ನೋಡ್ಕೊಳ್ಳೋನು."

"ಈ ಪೆಟ್ಟಿಗೆ ಬಿಚ್ಚೋರು ಯಾರು?"

ಅಕ್ಕನ ಹೆಗಲ ಮೇಲಿದ್ದ ತಮ್ಮನ ಕೈ ಜಾರಿತು.

"ಸ್ವಿಚ್ಚು ಬಿಸಿಯಾಗಿ ಆಗಾಗ ಬೀಳ್ತಿತ್ತು," ಎಂದ ತಮ್ಮ. "ಹೊಸದು ಬರೋತನಕ ತಂತಿ ಹಾಕಿ ದಾಟಿಸು ಅಂದ್ರು ಸಾಹೇಬ್ರು. ದಾಟಿಸಿದೆ. ಇವತ್ತು ಲೈನ್ ತೆಗೆದಾಗ ಬ್ಯಾಟರಿ ಬೀದಿಯ ಭಾರ ತಾಳದೆ ತಾನೇ ನಿಂತಿತು. ಎಸಿ ನಿಂತೋಯ್ತು, ಬಂದು ನೋಡು ಅಂತ ಕರೆಸಿದ್ರು."

"ನಿನ್ನ ಭಾವ ಕರೆಂಟಿದೆಯಾ ಅಂತ ಟೆಸ್ಟರ್ ಇಟ್ಟು ನೋಡಿದ್ದು ಆಗ. ಲೈನು ಸತ್ತೇ ಇತ್ತು," ಎಂದಳು ಇನ್ಸ್‌ಪೆಕ್ಟರ್. "ಆಮೇಲೆ?"

"ಗೇಟಿಗೆ ಹಿಡಿ ಹಾಕಿದ್ದು ನಾನೇ. ಭಾವ ಕೇಳಿದ್ರು, 'ಆಯ್ತೇನೋ?' ಅಂತ. ತಂತಿ ವಿಷಯ ಹೇಳಿದ್ರೆ ಸಾಹೇಬ್ರಿಗೆ ಕೋಪ. ಇನ್ಮೇಲೆ ಈ ಊರಲ್ಲಿ ಒಂದು ಮನೆ ಕೆಲಸಾನೂ ಸಿಗಲ್ಲ. 'ಆಯ್ತು ಭಾವ' ಅಂದೆ. ಅವ್ರು ಹತ್ತಿದ್ರು. ಸಾಹೇಬ್ರು ಒಳಗಿಂದ, 'ಮತ್ತೆ ಆನ್ ಮಾಡೋ' ಅಂದ್ರು..."

"ನೀನು ಮಾಡಿದೆ," ಎಂದಳು ಅಕ್ಕ.

"ಬ್ಯಾಟರಿ ಬಟನ್ ಒಂದು ಸಲ ಒತ್ತಿದೆ ಅಕ್ಕಾ. ಒಂದೇ ಸಲ."

ಒಂದು ಉಸಿರಿನಷ್ಟು ಕರೆಂಟು. ದರ್ಜಿಯ ಮೋಟಾರು ಓಡಿತು. ಕಂಬದಲ್ಲಿ ಲೈನ್‌ಮ್ಯಾನ್ ಕೈ ತಂತಿಯ ಮೇಲಿತ್ತು. ಜನ ಕಂಬದತ್ತ ಓಡಿದಾಗ ತಮ್ಮ ಹಿತ್ತಲಲ್ಲಿ ತಿರುಪು ಬಿಚ್ಚುತ್ತಿದ್ದ.

ಎಂಜಿನಿಯರ್ ಕಚೇರಿಯ ಹಾಳೆಯನ್ನು ಸತ್ತವನ ಹೆಂಡತಿಯ ಮುಂದೆ ಹಿಡಿದ.

"ನೋಡಮ್ಮಾ, ಮೇಲಿನವರ ಹತ್ರ ಮಾತಾಡಿದೀನಿ. ಹೋದವನು ಬರಲ್ಲ, ಇರೋನನ್ನ ಉಳಿಸ್ಕೋ. ಎಚ್ಚರಿಕೆ ತಪ್ಪಿ ಹತ್ತಿದ್ರು ಅಂತ ಒಂದು ಸಹಿ ಹಾಕು, ನಿನ್ನ ತಮ್ಮನೂ ಉಳ್ಕೋತಾನೆ."

ತಮ್ಮ ಅವಳ ಕಾಲು ಹಿಡಿದ. "ಹಾಕಕ್ಕಾ. ನಿನ್ನ ಕೈ ತುತ್ತು ತಿಂದು ಬೆಳೆದೋನು ನಾನು."

"ನೀನು ಹೌದು. ಅವರೂ ಅದೇ ತಟ್ಟೇಲಿ ಉಂಡಿದ್ರು."

ಅವಳು ಕಾಲು ಬಿಡಿಸಿಕೊಂಡಳು. ಪೆನ್ನು ಮುಟ್ಟಲಿಲ್ಲ.

"ಅವರು ಕೇಳಿ ಹತ್ತಿದ್ರು. ಇವನು 'ಆಯ್ತು' ಅಂದ. ನೀವು 'ಆನ್ ಮಾಡು' ಅಂದ್ರಿ. ಅದನ್ನ ಬರೆದು ತನ್ನಿ, ಹಾಕ್ತೀನಿ. ಇದಕ್ಕೆ ಹಾಕಲ್ಲ."