ಕಸ್ತೂರೆವ್ವನ ಹೊಸ ಜಠರ

ಕಸ್ತೂರೆವ್ವನ ಹೊಕ್ಕುಳ ಪಕ್ಕದ ಅರ್ಧ ಅಂಗುಲದ ರಂಧ್ರದಿಂದ ‘ನೇಕಾರ’ ಒಳಗೆ ಇಳಿಯಿತು. ಕಿರುಬೆರಳಿನಷ್ಟು ದಪ್ಪದ ಯಂತ್ರ ಅದು. ಕ್ಯಾನ್ಸರ್ ಹಿಡಿದ ಜಠರವನ್ನು ಆಗಲೇ ತೆಗೆದಾಗಿತ್ತು. ನೇಕಾರ ಸಣ್ಣ ಕರುಳಿನ ಒಂದು ಭಾಗವನ್ನು ಮಡಿಚಿ, ಮುಷ್ಟಿಯಷ್ಟು ಚೀಲ ಹೊಲಿದು, ಅನ್ನನಾಳದ ತುದಿಗೆ ಜೋಡಿಸಿತು. ಹೊಲಿದ ದಾರಕ್ಕೆ ಎಳೆತ ತಿಳಿಯುತ್ತಿತ್ತು. ಚೀಲ ತುಂಬಿದಾಗಲೆಲ್ಲ ಆಸ್ಪತ್ರೆಯ ಪರದೆಗೆ ಸುದ್ದಿ ಕಳಿಸುತ್ತಿತ್ತು.

ಐದನೆಯ ದಿನ ಕಸ್ತೂರೆವ್ವ ಗದಗಿನ ಮನೆಗೆ ಹೊರಟಳು. ಎರಡು ತಾಸಿಗೊಮ್ಮೆ ನಾಲ್ಕು ತುತ್ತು ತಿನ್ನಬೇಕು, ತಪ್ಪಿದರೆ ಚೀಲ ಕುಗ್ಗಿ ಬಿಗಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ಅವಳ ದೇಹ ತಾಳುವಂತಿರಲಿಲ್ಲ.

ನಾಲ್ಕನೆಯ ವಾರ ಪರದೆಯ ಗೆರೆ ದಿನವೂ ಬೆಳಗಿನ ಆರಕ್ಕೆ, ಚಹಾದ ಹೊತ್ತಿಗೆ, ತುಸು ಏಳುತ್ತಿತ್ತು; ಆಮೇಲೆ ಮಧ್ಯಾಹ್ನ ಮೂರರವರೆಗೆ ಏನೂ ಇಲ್ಲ. ಚೀಲ ಕಾಲುಭಾಗ ಕುಗ್ಗಿತ್ತು. ನೇಕಾರವನ್ನು ರೂಪಿಸಿದ ಡಾ. ಶರದ್ ಕಾಖಂಡಕಿ ದಾರವೇ ಕೆಟ್ಟಿದೆ ಎಂದುಕೊಂಡರು. ಫೋನಿನಲ್ಲಿ ದಿನವೂ ಕೇಳುತ್ತಿದ್ದರು, “ಉಂಡೀರೇನವಾ?”

“ಉಂಡೀನ್ರಿ.”

ಕಡೆಗೆ ಚಾಲಕನಿಲ್ಲದ ಕಾರು ಹತ್ತಿ ಅವರೇ ಬಂದರು. ಮಧ್ಯಾಹ್ನ ಹನ್ನೆರಡಾಗಿತ್ತು. ಕಸ್ತೂರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ, ಮೈದುನರು, ಮಕ್ಕಳು ಸಾಲಾಗಿ ಕುಳಿತಿದ್ದರು.

“ಕುಂದರ್ರಿ ಡಾಕ್ಟರ್ರ, ಬಿಸಿ ಅದಾವು” ಎಂದು ಅವರಿಗೂ ತಾಟು ಇಟ್ಟಳು. ಎರಡನೆಯ ರೊಟ್ಟಿ ಮುಗಿಯುವಾಗ ಅವರು ತಾಟುಗಳನ್ನು ಎಣಿಸಿದರು.

“ನಿಮ್ಮ ತಾಟು ಎಲ್ಲೈತಿ?”

“ಎಲ್ಲಾರದೂ ಆಗ್ಲಿರಿ. ಅತ್ತಿಯವರದು ಪೂಜಾ ಮುಗಿದಿಲ್ಲ. ಅವರು ಉಣ್ಣೂ ಮುಂಚೆ ನಾ ಹೆಂಗ ಉಣ್ಲಿ?”

“ಮತ್ತ ಫೋನಿನ್ಯಾಗ ಉಂಡೀನಿ ಅಂದ್ರಿ?”

“ಉಂಡಿದ್ದೆನಲ್ಲ! ಯಾವಾಗ ಅಂತ ನೀವು ಕೇಳ್ಲೇ ಇಲ್ಲ” ಎಂದು ನಕ್ಕಳು.

“ಹೊಟ್ಟ್ಯಾಗಿನ ದಾರ ಮೂರರ ತನಕ ಏನೂ ಬಂದಿಲ್ಲ ಅಂತ ದಿನಾ ಹೇಳ್ತಿತ್ತು” ಎಂದರು ಡಾಕ್ಟರು.

ಒಳಗಿನಿಂದ ಅತ್ತೆ ನೀಲಗಂಗವ್ವ ಎದ್ದು ಬಂದರು. ವಯಸ್ಸು ಎಂಬತ್ತು. ಸೊಸೆಯ ಭುಜ ಹಿಡಿದು ಸರಿಸಿದರು.

“ಏಳ, ಒಲಿ ಬಿಟ್ಟು ಏಳ. ದಾರಕ್ಕ ತಿಳಿದದ್ದು ನನಗ ತಿಳೀಲಿಲ್ಲ. ಇವತ್ತಿಂದ ಮೊದಲನೇ ರೊಟ್ಟಿ ನಿಂದು.” ಮಗನ ಕಡೆ ತಿರುಗಿದರು. “ನೀ ಏನ್ ನೋಡ್ತಿ? ಆಕಿಗೆ ಬಡಸು!”

ಹನ್ನೆರಡೂ ಇಪ್ಪತ್ತಕ್ಕೆ ಡಾಕ್ಟರು ಜೊತೆಗೆ ತಂದಿದ್ದ ಸಣ್ಣ ಪರದೆಯಲ್ಲಿ ಗೆರೆ ಮೇಲೆದ್ದಿತು. ದಾರ ಸರಿಯಾಗಿಯೇ ಇತ್ತು.

ಸಂಜೆ ಮನೆಯಲ್ಲಿ ಹೆಂಡತಿ ತಾಟು ತಂದಿಟ್ಟಾಗ ಡಾ. ಕಾಖಂಡಕಿ ಕೈ ಹಾಕಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ. ಇವಳ ಒಳಗಿನಿಂದ ಸುದ್ದಿ ಕಳಿಸುವ ದಾರ ಇರಲಿಲ್ಲ.

“ಮಧ್ಯಾಹ್ನ ಎಷ್ಟಕ್ಕ ಉಂಡಿ?” ಎಂದು ಕೇಳಿದರು.

ಅವಳಿಗೆ ನೆನಪು ಮಾಡಿಕೊಳ್ಳಲು ತುಸು ಹೊತ್ತು ಬೇಕಾಯಿತು.