ಗೆರೆಗೆ ಅಂಚು ತಾಗಿದ ಪೆಟ್ಟಿಗೆ

"ಮೇಡಂ, ನನ್ನ ತಂಗಿ ತಾನೇ ಕೊಂದೆ ಅಂತ ಪೊಲೀಸರ ಮುಂದೆ ಹಟ ಹಿಡಿದು ಕೂತಿದ್ದಾಳೆ!"

ಡ್ರೈವರ್ ಹೀಗೆ ಕೂಗುತ್ತ ಒಳಗೆ ನುಗ್ಗಿದಾಗ ಸೂಜಿ ಮೇಡಂ ಕನ್ನಡಕ ಒರೆಸುತ್ತಿದ್ದರು. ಬದುಕಿಡೀ ಶವಾಗಾರದಲ್ಲಿ ದುಡಿದು ನಿವೃತ್ತರಾದ ಈ ಡಾಕ್ಟರಿಗೆ ಆ ಅಡ್ಡಹೆಸರು ಬಿದ್ದದ್ದು ನಾಲಿಗೆಯಿಂದ, ಸಿರಿಂಜಿನಿಂದಲ್ಲ. ಕೊಲೆ ನಡೆದಲ್ಲಿಗೆಲ್ಲ ಪೊಲೀಸರು ಈಗಲೂ ಅವರನ್ನು ಕರೆಸುತ್ತಿದ್ದರು. ಕರೆದೊಯ್ದು ಕರೆದೊಯ್ದು ಡ್ರೈವರ್‌ಗೆ ಹೆಣ ನೋಡುವುದು ರೂಢಿಯಾಗಿತ್ತು. ಇವತ್ತು ಮಾತ್ರ ಅವನು ಕಾರಿನ ಬಾಗಿಲನ್ನೂ ಹಾಕದೆ ಅಳುತ್ತ ಓಡಿ ಬಂದಿದ್ದ.

"ಅಳೋದಿದ್ರೆ ಕಾರಲ್ಲಿ ಅಳು. ನಡಿ," ಎಂದು ಮೇಡಂ ಚಪ್ಪಲಿ ಮೆಟ್ಟಿದರು.

ತಂಗಿ ಕೆಲಸ ಮಾಡುತ್ತಿದ್ದ, ಜನ ದುಡ್ಡು ಕೊಟ್ಟು ಆಡುವ ಆಟದ ಮನೆ ಒಂದು ಹಳೆಯ ಗೋದಾಮು. ನೆಲದ ತುಂಬ ಅಡ್ಡಕ್ಕೂ ಉದ್ದಕ್ಕೂ ಹಳದಿ ಗೆರೆಗಳು. ಅವುಗಳ ಮೇಲೆ ಮೋಟಾರು ಚಕ್ರದ, ಆಳೆತ್ತರದ ಉಕ್ಕಿನ ಪೆಟ್ಟಿಗೆಗಳು. ಆಟಗಾರ ಪೆಟ್ಟಿಗೆಯನ್ನು ತಳ್ಳಿ ಕೈಬಿಟ್ಟರೆ ತಂಗಿ ಕಂಪ್ಯೂಟರಿಗೆ ಬರೆದ ಸ್ಕ್ರಿಪ್ಟು ಅದನ್ನು ಆ ಗೆರೆಗಳ ಗ್ರಿಡ್‌ಗೆ ಸ್ನ್ಯಾಪ್ ಮಾಡುತ್ತಿತ್ತು. ಅಂದರೆ ಹೇಗೆ ನಿಂತಿದ್ದರೂ ಎಳೆದು ಅದರ ಜಾಗಕ್ಕೆ ಕೂರಿಸುತ್ತಿತ್ತು.

ಮೂಲೆಯ ಕಂಬಕ್ಕೂ ಒಂದು ಪೆಟ್ಟಿಗೆಗೂ ನಡುವೆ ಆಟದ ಮನೆಯ ಮಾಲೀಕ ಸಿಕ್ಕಿಕೊಂಡಿದ್ದ. ಬುರುಡೆ ಹಿಂದಿನಿಂದ ಒಡೆದಿತ್ತು, ಮುಖ ಅಪ್ಪಚ್ಚಿಯಾಗಿ ಒಂದು ಕಣ್ಣು ಕೆನ್ನೆಗೆ ಇಳಿದಿತ್ತು. ಕಂಬದಿಂದ ಹರಿದ ರಕ್ತ ನೆಲದಲ್ಲಿ ಹೆಪ್ಪುಗಟ್ಟಿತ್ತು.

"ಮಧ್ಯೆ ಮನುಷ್ಯ ಇದ್ರೆ ಪೆಟ್ಟಿಗೆ ನಿಲ್ಲಬೇಕು ಅಂತ ಬರೆದಿದ್ದೆ. ಅದು ನಿಂತಿಲ್ಲ," ಎಂದಳು ತಂಗಿ. ಕಣ್ಣಲ್ಲಿ ಹನಿ ನೀರಿಲ್ಲ. "ನನ್ನ ಕೈಯಾರೆ ಕೊಂದ ಹಾಗೇ ಆಯ್ತಲ್ಲ. ಎಲ್ಲಿ ಸಹಿ ಹಾಕ್ಲಿ, ಇನ್ಸ್‌ಪೆಕ್ಟರ್?"

"ಪಾಪ, ಬೇಕಂತ ಮಾಡಿದ್ದಲ್ಲ," ಎಂದ ಮ್ಯಾನೇಜರ್. ಅವನು ಮಾಲೀಕನ ತಂಗಿಯ ಗಂಡ. "ಪೆಟ್ಟಿಗೆ ನೋಡಿ, ಗೆರೆಗೇ ಬಂದು ಕೂತಿದೆ. ನಮ್ಮಲ್ಲಿ ಎಲ್ಲಾ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ ಬರುತ್ತೆ ಅಂತ ಬಂದೋರಿಗೆಲ್ಲ ನಾನೇ ಹೇಳೋದು." ಅವನ ಹೆಂಡತಿ ರವಿಕೆಯ ಉದ್ದ ತೋಳನ್ನು ಅಂಗೈವರೆಗೆ ಎಳೆದುಕೊಂಡು, ಸತ್ತ ಅಣ್ಣನನ್ನೂ ಗಂಡನನ್ನೂ ನೋಡದೆ ಗೋಡೆಗೆ ಅಂಟಿ ನಿಂತಿದ್ದಳು.

ನಿನ್ನೆ ಸಂಜೆ ಮಾಲೀಕನ ಜೊತೆ ಇಲ್ಲಿದ್ದವರು ಡ್ರೈವರ್‌ನ ತಂಗಿ, ಪೆಟ್ಟಿಗೆ ರಿಪೇರಿಯ ಮೆಕ್ಯಾನಿಕ್, ಮ್ಯಾನೇಜರ್, ಮೂವರೇ. ಸೂಜಿ ಮೇಡಂ ಹೆಣದ ಹಿಂದಲೆ ಮುಟ್ಟಿ ನೋಡಿದರು. ಮೇಲೆ ತೂಗುತ್ತಿದ್ದ ದೀಪದ ಬುಡದಲ್ಲಿ ಸಾಲಾಗಿ ಸಿಡಿದಿದ್ದ ರಕ್ತದ ಹನಿಗಳನ್ನು ನೋಡಿದರು. ಆಮೇಲೆ ಮಿಕ್ಕ ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿದರು. ಅವೆಲ್ಲ ಹಳದಿ ಗೆರೆಗಳನ್ನು ಹೊಟ್ಟೆಯಡಿ ಮುಚ್ಚಿಕೊಂಡು ನಿಂತಿದ್ದವು. ಡ್ರೈವರ್ ಕೂಡ ನೋಡಿದ, ಏನೂ ಹೊಳೆಯಲಿಲ್ಲ.

ಮೇಡಂ ಒಂದು ರಟ್ಟಿನ ಡಬ್ಬ ತರಿಸಿದರು. ಮೂವರನ್ನೂ ಹೊರಗೆ ಕಳಿಸಿ, ಒಬ್ಬೊಬ್ಬರನ್ನೇ ಕರೆದು, "ಸ್ಕ್ರಿಪ್ಟು ಕೂರಿಸೋ ಹಾಗೆ ಇದನ್ನ ಇಡಿ," ಎಂದರು.

ತಂಗಿ ಎರಡು ಗೆರೆ ಕೂಡುವ ಜಾಗದ ಮೇಲೇ ಡಬ್ಬ ಇಟ್ಟಳು. ಗೆರೆಗಳ ಕೂಡು ಡಬ್ಬದಡಿ ಮುಚ್ಚಿಹೋಯಿತು. ಮೆಕ್ಯಾನಿಕ್ಕೂ ಹಾಗೇ ಇಟ್ಟ. ಮ್ಯಾನೇಜರ್ ಮಾತ್ರ ಬಗ್ಗಿ ಡಬ್ಬದ ಅಂಚನ್ನು ಗೆರೆಗೆ ತಾಗಿಸಿದ. ಸೊಟ್ಟ ಕಂಡಿತೆಂದು ಕಾಲಿನಿಂದ ಚೂರು ತಟ್ಟಿ ನೇರ ಮಾಡಿದ.

ಎಲ್ಲರೂ ಒಳಗೆ ಸೇರಿದ ಮೇಲೆ ಮೇಡಂ ಶುರು ಮಾಡಿದರು. "ಸ್ಕ್ರಿಪ್ಟು ಹಿಡಿಯೋದು ಪೆಟ್ಟಿಗೆಯ ನಡುವನ್ನ, ಅಂಚನ್ನಲ್ಲ. ನಡುವನ್ನ ಗೆರೆಗಳ ಕೂಡಿಗೆ ತಂದು ನಿಲ್ಲಿಸುತ್ತೆ. ಅದಕ್ಕೇ ಇಲ್ಲಿ ಯಾವ ಪೆಟ್ಟಿಗೆಯ ಅಂಚೂ ಗೆರೆ ಮೇಲಿಲ್ಲ, ಈ ಕಂಬದ ಹತ್ತಿರದ ಪೆಟ್ಟಿಗೆಯದು ಬಿಟ್ಟು. ಹುಡುಗಿ ಬರೆದಿದ್ದು ಸರಿಯಿದ್ರೆ ಅದು ತಲೆಗೆ ತಾಗೋ ಮುಂಚೆ ನಿಲ್ಲಬೇಕಿತ್ತು. ತಪ್ಪಿದ್ರೆ ಮುಂದಿನ ಕೂಡಿನವರೆಗೂ ಅರೆದುಕೊಂಡು ಹೋಗಬೇಕಿತ್ತು. ಎರಡೂ ಆಗಿಲ್ಲ."

"ಕೆಳಗಿನ ಬ್ರೇಕು ಎತ್ತಿದ್ರೆ ಕೈಯಲ್ಲೇ ತಳ್ಳಬಹುದು," ಎಂದ ಮೆಕ್ಯಾನಿಕ್, ಬಗ್ಗಿ ತೋರಿಸುತ್ತ.

"ತಳ್ಳಿದ್ದೂ ಹಾಗೇ. ಅದಕ್ಕೆ ಮುಂಚೆ ಮಾಲೀಕರು ಸತ್ತಿದ್ರು. ತಳ್ಳೋ ಪೆಟ್ಟಿಗೆ ದೀಪಕ್ಕೆ ರಕ್ತ ಸಿಡಿಸೋಲ್ಲ, ಎತ್ತೆತ್ತಿ ಹೊಡೆಯೋ ಸುತ್ತಿಗೆ ಸಿಡಿಸುತ್ತೆ. ಹಿಂದಲೆಯಲ್ಲಿ ದುಂಡನೆಯ ಗುಳಿ ಇದೆ. ಆಮೇಲೆ ಪೆಟ್ಟಿಗೆ ತಂದು ನುರಿಸಿದ್ದು, ತಪ್ಪು ಹುಡುಗಿ ತಲೆಗೆ ಬರ್ಲಿ ಅಂತ. ಹುಡುಗಿ, ಮೆಕ್ಯಾನಿಕ್ ಇಬ್ಬರಲ್ಲಿ ಯಾರೇ ಆಗಿದ್ರೂ ಪೆಟ್ಟಿಗೆ ಕೂಡಿನ ಮೇಲೆ ನಿಂತಿರ್ತಿತ್ತು. ಗೆರೆಗೆ ಅಂಚು ತಾಗಿಸೋನು ಇಲ್ಲಿ ಒಬ್ಬನೇ."

ಮ್ಯಾನೇಜರ್ ನಕ್ಕ. "ಡಬ್ಬ ಇಟ್ಟಿದ್ದಕ್ಕೆ ಗಲ್ಲಾ? ಸುತ್ತಿಗೆ ತೋರಿಸಿ."

"ನಮ್ಮನೆ ಬಚ್ಚಲಲ್ಲಿದೆ," ಎಂದಿತು ಸಣ್ಣ ದನಿ. ಅವನ ಹೆಂಡತಿ ತೋಳು ಮೇಲಕ್ಕೆ ಸರಿಸಿದ್ದಳು. ಮೊಣಕೈವರೆಗೆ ನೀಲಿಗಟ್ಟಿದ ಬೆರಳಚ್ಚು, ಸಿಗರೇಟಿನ ಸುಟ್ಟ ಗಾಯ. "ರಾತ್ರಿ ತೊಳೆದು ಇಟ್ಟಿದ್ದಾನೆ. ನಿನ್ನೆ ಅಣ್ಣ ಇದನ್ನ ನೋಡ್ಬಿಟ್ಟ. ನಾಳೇನೇ ಬಂದು ಕರ್ಕೊಂಡು ಹೋಗ್ತೀನಿ ಅಂದಿದ್ದ."

"ಬಾಯಿ ಮುಚ್ಚೇ!"

ಇನ್ಸ್‌ಪೆಕ್ಟರ್ ಎದ್ದೇಳುವಷ್ಟರಲ್ಲಿ ಅವನು ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಉಕ್ಕಿಗೆ ಅಪ್ಪಳಿಸಿದ್ದ. ಡ್ರೈವರ್ ಅವನ ಮೇಲೆ ಬಿದ್ದ. ಮುಖಕ್ಕೆ ಮೊಣಕೈ ಬಂತು, ಹಲ್ಲೊಂದು ನಾಲಿಗೆ ಮೇಲೆ ಉರುಳಿತು. ಆದರೂ ಬಿಡದೆ ಅವನ ಕೈಯನ್ನು ಬೆನ್ನಿಗೆ ತಿರುಚಿದ, ಲಟಕ್ಕೆಂದು ಮೂಳೆ ಮುರಿಯುವ ತನಕ. ಕಿರುಚಾಟದ ನಡುವೆ ಬೇಡಿ ಬಿತ್ತು.

ಮೇಡಂ ಆ ಹೆಂಗಸಿನ ಹಣೆಯ ಗಾಯಕ್ಕೆ ತಮ್ಮ ಸೆರಗನ್ನೇ ಒತ್ತಿ ಹಿಡಿದು ಕೂತರು. "ಉಳೀತೀಯ ಕಣಮ್ಮ, ಉಳೀತೀಯ," ಎನ್ನುತ್ತಿದ್ದರು. ಸೂಜಿಯ ದನಿ ಅಷ್ಟು ಮೆತ್ತಗಾದದ್ದನ್ನು ಡ್ರೈವರ್ ಕೇಳಿದ್ದೇ ಇಲ್ಲ.

ತಂಗಿ ನಿಂತಲ್ಲೇ ಕಲ್ಲಾಗಿದ್ದಳು. ಅವನು ಬಾಯಿಯ ರಕ್ತ ಉಗುಳಿ ಹತ್ತಿರ ಹೋದ.

"ಅಣ್ಣ, ನಾನು ಕೊಂದಿಲ್ಲ ಅಲ್ವಾ?"

"ಇಲ್ಲ ಕಣೇ."

"ನಿಜ ಹೇಳು. ನಾನು ಬರೆದಿದ್ದು ಕೊಂದಿಲ್ಲ ಅಲ್ವಾ?"

"ಇಲ್ಲ ಪುಟ್ಟಿ. ನೀನಲ್ಲ."

ಆಗ ಅವಳು ನೆಲಕ್ಕೆ ಕುಸಿದು, ತನಗೆ ಕೆಲಸ ಕಲಿಸಿದ ಮಾಲೀಕನಿಗಾಗಿ ಗೋಳೋ ಎಂದು ಅಳತೊಡಗಿದಳು. ಕೊಂದವಳಿಗೆ ಅಳುವ ಹಕ್ಕಿಲ್ಲವೆಂದು ಬೆಳಗಿನಿಂದ ತಡೆದುಕೊಂಡಿದ್ದಳು.